ದಾಸಪ್ಪನಿಗಿಲ್ಲದ ಎಡೆ

ನಡುಮನೆಯ ಗೋಡೆಯುದ್ದಕ್ಕೂ ಮೂರು ಬಾಳೆ ಎಲೆ ಹಾಸಿದ್ದರು. ನಾನು ಹೊಸ್ತಿಲಾಚೆ ಕುಳಿತು ಅವನ್ನೇ ನೋಡುತ್ತಿದ್ದೆ.

ಮೊದಲ ಎಲೆಯ ಪಕ್ಕದಲ್ಲಿ ಹೊಗೆಸೊಪ್ಪು ಮತ್ತು ಹಸಿರು ಸೀರೆ. ಅದು ಮನೆಯೊಡತಿ ಸಿದ್ದಮ್ಮನ ಅತ್ತೆಯದು. ಎರಡನೆಯದರ ಪಕ್ಕದಲ್ಲಿ ಬೀಡಿ ಕಟ್ಟು, ಪಂಚೆ, ಕಂಡೂ ಕಾಣದ ಹಾಗೆ ಒಂದು ಸಣ್ಣ ಬಾಟಲಿ. ಅದು ಮಾವನದು. ಮೂರನೆಯದು ಚಿಕ್ಕ ವಯಸ್ಸಿಗೇ ಹಾವು ಕಚ್ಚಿ ಹೋದ ಮೈದುನನದು. ಅದರ ಮುಂದೆ ಇಸ್ತ್ರಿ ಮಾಡಿದ ಅಂಗಿ, ಒಂದು ಪೊಟ್ಟಣ ಖಾರಬೂಂದಿ. ಮಹಾಲಯ ಅಮಾವಾಸ್ಯೆಯ ದಿನ ತಿಪ್ಪಸಂದ್ರದ ಒಕ್ಕಲು ಮನೆಗಳಿಗೆ ಸತ್ತವರು ಊಟಕ್ಕೆ ಬರುತ್ತಾರೆ. ಯಾರಿಗೆ ಏನು ಇಷ್ಟವಿತ್ತೋ ಅದನ್ನೇ ಎಡೆ ಇಡಬೇಕು, ಮರೆತರೆ ವರ್ಷವಿಡೀ ಬಂದು ಬಾಗಿಲು ಬಡಿಯುತ್ತಾರೆ ಅನ್ನುತ್ತಾರೆ.

ಸಿದ್ದಮ್ಮನ ಗಂಡ, ಈ ಮನೆಯ ಯಜಮಾನ ದಾಸಪ್ಪ ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಅವನಿಗೆ ಎಲೆ ಇರಲಿಲ್ಲ.

ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ. ನಮ್ಮಲ್ಲಿ ಸತ್ತವರು ಶಿವನಲ್ಲಿ ಸೇರಿಹೋಗುತ್ತಾರೆ, ಊಟ ಕೇಳಿಕೊಂಡು ಬರುವುದಿಲ್ಲ. ಹಾಗಾಗಿ ಮೊದಲು ನನಗೆ ಅದು ಹೊಳೆಯಲೂ ಇಲ್ಲ. ಎಲೆಗಳನ್ನು ಸುಮ್ಮನೆ ನೋಡಿದೆ, ಮತ್ತೆ ನೋಡಿದೆ, ಆಮೇಲೆ ಒಂದೊಂದಾಗಿ ಎಣಿಸಿದೆ.

ನಾನು ಉಮಾಮಹೇಶ್ವರಿ. ಖಜಾನೆಯಲ್ಲಿ ಪಿಂಚಣಿ ಬಟವಾಡೆ ಮಾಡಿ ಮಾಡಿ ಕೂದಲು ನೆರೆಸಿಕೊಂಡವಳು. ಈಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ರಸ್ತೆಯಲ್ಲಿ ಒಂದು ಮಹಡಿ ಕೋಣೆ ಹಿಡಿದು, ನಿವೃತ್ತರ ತೆರಿಗೆ, ಪಿಂಚಣಿ ತಕರಾರು ನೋಡಿಕೊಳ್ಳುತ್ತೇನೆ. ತಕರಾರಿನ ಬೆನ್ನು ಹತ್ತಿದರೆ ಕೆಲವು ಸಲ ಹೆಣ ಸಿಗುತ್ತದೆ. ಅದಕ್ಕೆ ನಾನೇನು ಮಾಡಲಿ?

ಈ ಸಲ ಸಿಕ್ಕಿದ್ದು ಒಂದೇ ಹೆಣ. ಅದಕ್ಕೆ ಇಬ್ಬರು ಹೆಂಡಿರು.

ಮಾಗಡಿ ರಸ್ತೆಯಲ್ಲಿ ಸುಟ್ಟುಹೋದ, ದಾಸಪ್ಪ ಬಾಡಿಗೆಗೆ ತಂದು ಓಡಿಸುತ್ತಿದ್ದ ವ್ಯಾನಿನ ಬೂದಿಯಲ್ಲಿ ಒಂದು ಸಣ್ಣ ಕತ್ತರಿ ಸಿಕ್ಕಿತ್ತು. ವ್ಯಾನು ಎಳೆದು ತಂದ ತಾಜ್ ಪಾಷಾ ಅದನ್ನು ತನ್ನ ಗ್ಯಾರೇಜಿನ ಡಬ್ಬಿಯಲ್ಲಿ ಎಸೆದು ಮರೆತೇಬಿಟ್ಟಿದ್ದ. ರೇಷ್ಮೆ ಎಳೆ ಕತ್ತರಿಸಲು ಹುರಿ ಕಾರ್ಖಾನೆಯವರು ಸೊಂಟಕ್ಕೆ ಕಟ್ಟಿಕೊಳ್ಳುವ ಕತ್ತರಿ ಅದು. ಹಿಡಿಗೆ ಸುತ್ತಿದ್ದ ತಾಮ್ರದ ತಂತಿ ನೋಡಿದ್ದೇ ಇಸ್ಮತ್ ನೆಲಕ್ಕೆ ಕುಸಿದಿದ್ದಳು. ಅವಳ ಗಂಡ ರಸೂಲ್, ಬಿಡದಿ ಕಡೆಯ ಒಂದು ಹುರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ವ್ಯಾನು ಸುಟ್ಟ ಸಂಜೆಯಿಂದಲೇ ಕಾಣೆಯಾಗಿದ್ದ.

ಬಸ್ಸು ತಪ್ಪಿತು, ಯಾರೋ ವ್ಯಾನಿನವರು ಹತ್ತಿಸಿಕೊಂಡಿದ್ದಾರೆ ಅಂತ ಕಾಯಿನ್ ಫೋನಿನಲ್ಲಿ ಹೇಳಿದ್ದೇ ಅವನ ಕೊನೆಯ ಮಾತು.

ಈ ಎರಡೂವರೆ ವರ್ಷ ಇಸ್ಮತ್ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ರಸೂಲನ ಭವಿಷ್ಯನಿಧಿ, ಅಂದರೆ ಅವನ ಮುಪ್ಪಿನ ಕಾಲಕ್ಕೆಂದು ತಿಂಗಳು ತಿಂಗಳು ಹಿಡಿದ ಹಣ, ಹಾಗೇ ಕೂತಿದೆ. ಸತ್ತನೆಂದು ಸರ್ಟಿಫಿಕೇಟ್ ತನ್ನಿ, ಇಲ್ಲವೇ ಕಾಣೆಯಾಗಿ ಏಳು ವರ್ಷ ಕಳೆಯಲಿ ಅನ್ನುತ್ತದೆ ಕಾನೂನು. ಅವಳು ಹಣಕ್ಕಾಗಿ ನನ್ನ ಕೋಣೆಯ ಮೆಟ್ಟಿಲು ಹತ್ತಿದವಳೇ. ಕತ್ತರಿ ನೋಡಿದ ಮೇಲೆ ಹಣದ ಮಾತು ಎತ್ತಿಲ್ಲ.

ಆದರೆ ಆ ಕತ್ತರಿ ಹೋಗಿ ಕುಳಿತದ್ದು ಸಬ್ ಇನ್ಸ್‌ಪೆಕ್ಟರ್ ದಯಾನಂದ್ ಮೇಜಿನ ಮೇಲೆ. ದಯಾನಂದ್ ಒಳ್ಳೆಯ ಹುಡುಗ. ಲೆಕ್ಕ ಬೇಗ ಮುಗಿಸುವ ಅವಸರ ಮಾತ್ರ ಜಾಸ್ತಿ. ವ್ಯಾನಿನಲ್ಲಿ ಇಬ್ಬರಿದ್ದರು, ಹೆಣ ಒಂದೇ, ಅದು ದಾಸಪ್ಪನದೆಂದು ಹೆಂಡತಿಯೇ ಗುರುತಿಸಿದ್ದಾಳೆ. ಹಾಗಾದರೆ ಕೊಂದು ಓಡಿಹೋದವನು ರಸೂಲ್. ನಾಳೆ ಬೆಳಿಗ್ಗೆ ಅವನ ಹೆಸರನ್ನು ತಲೆಮರೆಸಿಕೊಂಡ ಕೊಲೆಗಾರನೆಂದು ಬರೆಯುತ್ತೇನೆ ಅಂದಿದ್ದ. ಅಷ್ಟಾದರೆ ಇಸ್ಮತ್ ಗಂಡನನ್ನು ಎರಡನೆಯ ಸಲ ಕಳೆದುಕೊಂಡ ಹಾಗೆ. ನನಗೆ ಅದನ್ನು ತಡೆಯುವುದಕ್ಕೆ ಉಳಿದಿದ್ದದ್ದು ಈ ಒಂದು ಸಂಜೆ.

ಸಿದ್ದಮ್ಮನ ಮನೆಗೆ ಕಾಲಿಡಲು ನನ್ನ ಬಳಿ ನೆಪವಿತ್ತು. ಬ್ಯಾಂಕಿನವರು ಅವಳ ಠೇವಣಿಯ ಬಡ್ಡಿಗೆ ತೆರಿಗೆ ಹಿಡಿದಿದ್ದರು. ಕುಟುಂಬ ಪಿಂಚಣಿಯಲ್ಲಿ ಮೂರನೇ ಒಂದು ಭಾಗ, ಇಲ್ಲವೇ ಹದಿನೈದು ಸಾವಿರ, ಯಾವುದು ಕಡಿಮೆಯೋ ಅದನ್ನು ಕಳೆದರೆ ಅವಳು ತೆರಿಗೆ ಕಟ್ಟಬೇಕಾದವಳೇ ಅಲ್ಲ. ವಾಪಸು ತರಿಸಿಕೊಡುತ್ತೇನೆ, ಒಂದು ಸಹಿ ಬೇಕು ಅಂದೆ. ಪಕ್ಷದ ಅಡುಗೆ ಒಲೆಯ ಮೇಲಿದೆ, ಒಸಿ ಕುಂತ್ಕಳಿ ಅಂದು ಅವಳು ಒಳಗೆ ಹೋಗಿದ್ದಳು. ಜೊತೆಗೆ ಬಂದಿದ್ದ ಇಸ್ಮತ್ ನನ್ನ ಆಫೀಸಿನ ಸಹಾಯಕಿ ಎಂದು ಸುಳ್ಳು ಹೇಳಿದ್ದೆ. ಅವಳು ಗಾಳಿ ಬೇಕೆಂದು ಹಿತ್ತಿಲಿಗೆ ಹೋಗಿದ್ದಳು.

ಸೊಸೆ ರಮ್ಯಾ ಮಜ್ಜಿಗೆ ತಂದುಕೊಟ್ಟಳು. ನಿನ್ನ ಮಾವನ ಎಡೆ ಎಲ್ಲಿದೆಯಮ್ಮ ಅಂತ ಮೆಲ್ಲಗೆ ಕೇಳಿದೆ.

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಮದುವೆಯಾಗಿ ಬಂದ ಮೇಲೆ ಇದು ಎರಡನೆಯ ಪಕ್ಷವಂತೆ. ಮಾವನಿಗೆ ಒಳಗೆ ಎಡೆ ಇಟ್ಟದ್ದನ್ನು ಅವಳು ಕಂಡೇ ಇಲ್ಲವಂತೆ. ಅತ್ತೆ ತೋಟದಲ್ಲಿ ಅವರನ್ನು ಮಣ್ಣು ಮಾಡಿದ ಜಾಗಕ್ಕೇ ಹೋಗಿ ಇಟ್ಟು ಬರುತ್ತಾರೆ, ಯಾರನ್ನೂ ಜೊತೆಗೆ ಕರೆಯುವುದಿಲ್ಲ ಅಂದಳು. ನೆಂಟರು ಕೇಳಿದಾಗಲೂ ಅದೇ ಉತ್ತರವಂತೆ. ತಿಂಗಳು ತಿಂಗಳು ಕೆಂಗಲ್ಲಿಗೆ ಹರಕೆಗೆ ಹೋಗುವಾಗಲೂ ಒಬ್ಬರೇ ಹೋಗುತ್ತಾರಂತೆ.

ಮಜ್ಜಿಗೆ ಲೋಟ ಕೆಳಗಿಟ್ಟು ಹಿತ್ತಿಲಿಗೆ ಹೋದೆ.

ಹಿತ್ತಿಲಿನಾಚೆ ಹಿಪ್ಪುನೇರಳೆ ತೋಟ. ಅದರ ಮೂಲೆಯಲ್ಲಿ ದಾಸಪ್ಪನ ಮಣ್ಣು. ಸಮಾಧಿ ಕಟ್ಟಿರಲಿಲ್ಲ, ಒಂದು ಕಲ್ಲೂ ನೆಟ್ಟಿರಲಿಲ್ಲ. ಅದರ ಮೇಲೆ ರಾಗಿಹುಲ್ಲು ಒಟ್ಟಿದ್ದರು, ಪಕ್ಕದ ಗೂಟಕ್ಕೆ ಕರು ಕಟ್ಟಿದ್ದರು. ಮನೆಯ ಯಜಮಾನ ಮಲಗಿರುವ ಜಾಗದಲ್ಲಿ ಯಾವ ಒಕ್ಕಲಗಿತ್ತಿ ಕರು ಕಟ್ಟುತ್ತಾಳೆ? ದೂರದಲ್ಲಿ ನೆಲಮಂಗಲದ ಕಡೆಗೆ ಲಾರಿಗಳು ಹೋಗುವ ಸದ್ದು ಬಿಟ್ಟರೆ ತೋಟ ಗಪ್‌ಚಿಪ್ಪಾಗಿತ್ತು.

ಇಸ್ಮತ್ ಹುಲ್ಲಿನ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

ಹುಲ್ಲನ್ನು ಒಂದಿಷ್ಟು ಸರಿಸಿದ್ದಳು. ಅಡಿಯಲ್ಲಿ ಒಂದು ಮಣ್ಣಿನ ಬಟ್ಟಲು, ಅದರ ತುಂಬ ಲೋಬಾನದ ಬೂದಿ. ಬೂದಿ ಹೊಸದು, ಬೆರಳಿಟ್ಟರೆ ಒಳಗೆ ಇನ್ನೂ ಬಿಸಿ ಇತ್ತು. ಅದರ ಪಕ್ಕದಲ್ಲಿ ಬಾಡಿದ ಗುಲಾಬಿ ಹೂವಿನ ಚಾದರದ ತುಂಡು, ದರ್ಗಾದ ಬಾಗಿಲಲ್ಲಿ ಮಾರುತ್ತಾರಲ್ಲ, ಅಂಥದ್ದು. ಅದರ ಅಡಿಯಲ್ಲಿ ಹಳೆಯದೊಂದು, ಅದರಡಿ ಇನ್ನೂ ಹಳೆಯದು, ಬರೀ ದಾರ ಉಳಿದಿದ್ದು.

"ಅಕ್ಕ, ಇವರ ಮನೆಯೋರು ಸತ್ರೆ ಹೂವಿನ ಚಾದರ ಹೊದಿಸ್ತಾರಾ?" ಅಂತ ಇಸ್ಮತ್ ಕೇಳಿದಳು.

ಇಲ್ಲ ಅಂದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡು ಅಂಗೈಗಳನ್ನು ಎದೆಯ ಮುಂದೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಕುಳಿತುಬಿಟ್ಟಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಯಾರ ಮೇಲೋ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಸ್ಪಷ್ಟವಿರಲಿಲ್ಲ.

ಮನೆಗೆ ಮರಳುವ ಹೊತ್ತಿಗೆ ದೀಪ ಹಚ್ಚುವ ಸಮಯ. ಸಿದ್ದಮ್ಮ ನಡುಮನೆಯಲ್ಲಿ ಒಬ್ಬಳೇ ಎಡೆಗೆ ಬಡಿಸುತ್ತಿದ್ದಳು. ಗೋಡೆಯ ಮೂಲೆಯಲ್ಲಿ ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಒರಗಿಸಿ, ಮೇಲೆ ಗೋಣಿತಾಟು ಹೊದಿಸಿದ್ದರು. ಹಿತ್ತಿಲ ಕಡೆಗೆ ಒಂದು ಸಣ್ಣ ಬಾಗಿಲು, ಒಳಗಿನಿಂದ ಅಗುಳಿ ಹಾಕಿತ್ತು. ನಾನು ಹೊಸ್ತಿಲಾಚೆಯೇ ಕುಳಿತೆ.

"ಸಿದ್ದಮ್ಮ, ನಿಮ್ಮ ಯಜಮಾನರಿಗೂ ಒಂದು ಎಲೆ ಹಾಕಿಬಿಡಿ. ಅದನ್ನು ನೋಡಿಕೊಂಡು ನಾನು ಹೊರಡ್ತೀನಿ."

ಅವಳ ಕೈಯ ಸೌಟು ನಿಂತಿತು. ತೋಟದಲ್ಲಿ ಇಡುತ್ತೇನೆ ಅಂದಳು. ತೋಟದಿಂದಲೇ ಬರುತ್ತಿದ್ದೇನೆ, ಅಲ್ಲಿ ಕರು ಕಟ್ಟಿದ್ದೀರಿ ಅಂದೆ.

ಅವಳು ಮತ್ತೆ ಸೌಟು ಎತ್ತಿದಳು. ನಾನು ಬಿಡಲಿಲ್ಲ. ಪಿಂಚಣಿ ಕೈಗೆ ಬಂದ ಮೊದಲ ಶನಿವಾರ ತಪ್ಪದೆ ಕೆಂಗಲ್ ಆಂಜನೇಯನ ಹರಕೆ ಅಂತ ಹೋಗುತ್ತೀರಲ್ಲ, ಮೂರು ಬಸ್ಸು ಬದಲಾಯಿಸಿಕೊಂಡು. ಈ ಊರಿನ ಸುತ್ತ ಆಂಜನೇಯ ಇಲ್ಲವೇ ಅಂತ ಕೇಳಿದೆ. ಕೆಂಗಲ್ಲಿನಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟರೆ ಚನ್ನಪಟ್ಟಣ. ಅಲ್ಲಿ ಹರಕೆ ಯಾರಿಗೆ ಒಪ್ಪಿಸುತ್ತಿದ್ದಿರಿ ಅಂತಲೂ ಕೇಳಿದೆ.

ಖಜಾನೆಯ ಕಿಟಕಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಒಂದು ಕೆಟ್ಟ ಜೋಕಿದೆ: ಸರ್ಕಾರಿ ನೌಕರ ಸಾಯುವುದಾದರೆ ನಿವೃತ್ತಿಗೆ ಮುಂಚೆ ಸಾಯಬೇಕು. ಸರ್ಕಾರಿ ಜೀಪಿನ ಡ್ರೈವರ್ ದಾಸಪ್ಪ ನಿವೃತ್ತಿಯಾಗಿದ್ದರೆ ಪಿಂಚಣಿ ಬರುತ್ತಿತ್ತು, ಮಗ ಅಶ್ವಥ್ ಮಾತ್ರ ಪಡ್ಡೆ ಹುಡುಗನಾಗಿಯೇ ಉಳಿಯುತ್ತಿದ್ದ. ನಿವೃತ್ತಿಗೆ ಎರಡು ತಿಂಗಳಿರುವಾಗ ಸತ್ತದ್ದರಿಂದ ಮಗನಿಗೆ ಅನುಕಂಪದ ನೌಕರಿ, ಹೆಂಡತಿಗೆ ಮೊದಲ ಏಳು ವರ್ಷ ಹೆಚ್ಚುಕಡಿಮೆ ಗಂಡನಷ್ಟೇ ಪಿಂಚಣಿ. ಬದುಕಿದ ದಾಸಪ್ಪನಿಗಿಂತ ಸತ್ತ ದಾಸಪ್ಪನ ಬೆಲೆ ಜಾಸ್ತಿ. ಇದನ್ನು ಅವನೂ ಬಲ್ಲವನಾಗಿದ್ದ.

ಅವನು ಎಲ್ಲವನ್ನೂ ಯೋಚಿಸಿದ್ದ. ಪಿತೃಪಕ್ಷವನ್ನು ಮಾತ್ರ ಯೋಚಿಸಿರಲಿಲ್ಲ.

"ಸರ್ಕಾರಕ್ಕೆ ಸುಳ್ಳು ಹೇಳಿದ್ರಿ, ಪೊಲೀಸರಿಗೆ ಹೇಳಿದ್ರಿ, ಬ್ಯಾಂಕಿಗೂ ಹೇಳಿದ್ರಿ. ಈ ಎಲೆಗೆ ಮಾತ್ರ ಹೇಳಲಿಕ್ಕೆ ನಿಮ್ಮ ಕೈಲಿ ಆಗಿಲ್ಲ. ಬದುಕಿರೋರಿಗೆ ಎಡೆ ಇಟ್ಟರೆ ಏನಾಗುತ್ತೆ ಸಿದ್ದಮ್ಮ?"

ಅವಳು ನೆಲದ ಮೇಲೆ ಕುಳಿತುಕೊಂಡಳು. ಎಲೆಗಳಿಗೆ ಹೇಳುವಂತೆ ಹೇಳಿದಳು.

"ಅಂಗೆ ಇಕ್ಕುದ್ರೆ ಆಯಸ್ಸು ಮುಗಿದೋಯ್ತದೆ ಮೇಡಮ್ಮೋರೆ. ಎಡೆ ಅಂದ್ರೆ ಕರೆಯೋದು. ನಾನೇ ಕರ್ದು ಸಾಯ್ಸಾದಾ?"

ಒಂದು ಸಲ ಬಾಯಿ ತೆರೆದ ಮೇಲೆ ಅವಳಿಗೇ ತಡೆಯಲಾಗಲಿಲ್ಲ. ವ್ಯಾನು ಉರುಳಿ ಸುಟ್ಟಿದೆ ಅಂತ ಸುದ್ದಿ ಬಂದ ದಿನ ಅವಳಿಗೂ ಅದು ದಾಸಪ್ಪನೇ. ಹೆಣದ ಕೈಯಲ್ಲಿ ಗಂಡನ ಗಡಿಯಾರ ನೋಡಿ ಎದೆ ಎದೆ ಬಡಿದುಕೊಂಡು ಅತ್ತಿದ್ದಳಂತೆ. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಸಂಜೆ, ಹಿತ್ತಿಲಲ್ಲಿ ಅವನೇ ನಿಂತಿದ್ದ. ಮಗನಿಗೊಂದು ದಾರಿ ಆಗಲಿ, ಬಾಯಿ ಬಿಡಬೇಡ ಅಂದನಂತೆ. ಹಾಗಾದರೆ ಮಣ್ಣಿನಲ್ಲಿ ಇರುವವರು ಯಾರು ಅಂತ ಕೇಳಿದ್ದಕ್ಕೆ, ದಾರಿಯಲ್ಲಿ ಸಿಕ್ಕಿದವನು ಅಂದನಂತೆ. ಇನ್ನೇನೂ ಹೇಳಲಿಲ್ಲ. ಹೆಸರು ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಮಾಗಡಿ ಬಸ್ ಸ್ಟ್ಯಾಂಡಿನ ಗೋಡೆಗೆ ಕಾಣೆಯಾದವರ ಫೋಟೋ ಅಂಟಿಸಿದ್ದಾಗ. ಓದಿ ಹೇಳು ಅಂತ ಯಾರದೋ ಮಗುವನ್ನು ಕೇಳಿ ತಿಳಿದುಕೊಂಡಿದ್ದಳು.

"ಆವತ್ತಿಂದ ಅವ್ರು ಬತ್ತಾರೆ," ಅಂದಳು. "ನಮ್ಮೋರಲ್ಲ, ಆ ಸಾಬ್ರು. ತೋಟದ ಕಡೆ ಬಾಗ್ಲ ಬಡೀತಾರೆ. ನೀರು ಕೊಡವ್ವ ಅಂತಾರೆ, ಅಷ್ಟೇಯ. ನಮ್ಮ ಎಡೆ ಅವ್ರಿಗೆ ಆಗಾಕಿಲ್ವೇನೋ. ಅವ್ರ ಪದ್ಧತಿ ನಂಗೊತ್ತಿಲ್ಲ. ದರ್ಗಾ ತಾವ ಯಾರಾರ್ನೋ ಕೇಳ್ಕೊಂಡು ಹೂವು ತಂದಾಕಿದೆ."

ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಅಗುಳಿ ಹಾಕಿದ್ದ ಆ ಹಿತ್ತಿಲ ಬಾಗಿಲನ್ನು ಒಮ್ಮೆ ನೋಡದೆ ಇರಲಾಗಲಿಲ್ಲ.

ಆ ರಸೂಲನ ಹೆಂಡತಿ ಇವತ್ತು ನಿಮ್ಮ ಹಿತ್ತಿಲಲ್ಲೇ ಇದ್ದಾಳೆ ಅಂದೆ. ಸಿದ್ದಮ್ಮ ಹಿತ್ತಿಲ ಬಾಗಿಲಿನ ಕಡೆ ತಿರುಗಿದಳು. ನಾಳೆ ಅವನನ್ನು ಕೊಲೆಗಾರ ಅಂತ ಬರೆಯುತ್ತಾರೆ, ನಿಮ್ಮ ಗಂಡ ಜೀವಂತವಾಗಿ ಬಂದು ನಿಂತರೆ ಮಾತ್ರ ಆ ಮಾತು ಸುಳ್ಳಾಗುತ್ತದೆ. ಎಲ್ಲಿದ್ದಾರೆ ಹೇಳಿ ಅಂದೆ. ನನ್ನ ದನಿ ಏರಿತ್ತು.

ಅವಳು ಎದ್ದಳು. ಅಡುಗೆಮನೆಗೆ ಹೋಗಿ ಇನ್ನೊಂದು ಬಾಳೆ ಎಲೆ ತಂದಳು. ನೀರು ಚಿಮುಕಿಸಿ, ಸೆರಗಿನಿಂದ ಒರೆಸಿ, ಮೂರನೆಯ ಎಲೆಯ ಪಕ್ಕದಲ್ಲಿ ಹಾಸಿದಳು.

ನಾಲ್ಕನೆಯ ಎಲೆ.

ಮುದ್ದೆ ಇಟ್ಟಳು. ಹುರುಳಿಕಾಳಿನ ಬಸ್ಸಾರು ಬಿಟ್ಟಳು. ವಡೆ ಇಟ್ಟು, ಅದರ ಮೇಲೆ ಒಂದು ಚೂರು ಬೆಲ್ಲ ಇಟ್ಟಳು. ದಾಸಪ್ಪನಿಗೆ ವಡೆಯ ಜೊತೆ ಬೆಲ್ಲ ಬೇಕಿತ್ತಂತೆ. ಆಮೇಲೆ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಅದರೊಳಗಿಂದ ಮೊದಲು ಬಂದದ್ದು ತಾಳಿ. ಅರಿಸಿನದ ದಾರ ಕಪ್ಪಾಗಿತ್ತು. ಊರಿನ ಕಣ್ಣಿಗೆ ತೆಗೆದಿಟ್ಟಿದ್ದನ್ನು ಇಷ್ಟು ದಿನ ಮೈಗೆ ತಾಗಿಸಿಕೊಂಡೇ ಓಡಾಡಿದ್ದಳು. ಅದನ್ನು ಎಲೆಯ ತುದಿಯಲ್ಲಿ ಇಟ್ಟಳು.

ಎರಡನೆಯದು ಒಂದು ಕನ್ನಡಕ.

"ಇದು ಯಾರದು?" ಅಂತ ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ಬೆಳಿಗ್ಗೆ ಅಶ್ವಥ ತಂದುಕೊಟ್ಟ. ಈ ವರ್ಸ ಅಪ್ಪಯ್ಯಂಗೂ ಎಡೆ ಇಕ್ಬುಡವ್ವ ಅಂದ." ಅವಳ ಬೆರಳು ಕನ್ನಡಕದ ಕಡ್ಡಿಯನ್ನು ಸವರುತ್ತಿತ್ತು. "ಯಾಕ್ಲಾ ಅಂದೆ. ಏನೂ ಯೋಳ್ನಿಲ್ಲ. ಕನ್ನಡಕ ಇಲ್ದಿದ್ರೆ ಅವ್ರಿಗೆ ಮುಂದಿರೋ ಕೈ ಕಾಣಾಕಿಲ್ಲ ಮೇಡಮ್ಮೋರೆ. ಬೆಳಿಗ್ಗೆಯಿಂದ ಇದ ಮಡಿಕ್ಕಂಡು ಕುಂತಿವ್ನಿ."

ಕೈಗೆ ತೆಗೆದುಕೊಂಡು ದೀಪಕ್ಕೆ ಹಿಡಿದೆ. ಎರಡೂವರೆ ವರ್ಷದ ಹಿಂದೆ ಬೆಂಕಿಯಲ್ಲಿ ಬೆಂದವನ ಕನ್ನಡಕಕ್ಕೆ ಒಂದು ಗೀರೂ ಇರಲಿಲ್ಲ. ಕೀಲಿನ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಅರಗು. ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಗೊಂಬೆ ಕಡೆಯುವವರ ಬೀದಿಯಲ್ಲಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಹಿಡಿದಾಗ ಹಾರುವ ಪುಡಿ ಸಂಜೆಯ ಹೊತ್ತಿಗೆ ಕೆಲಸದವರ ರೆಪ್ಪೆಯ ಮೇಲೂ ಕೂರುತ್ತದೆ. ಸತ್ತ ದಾಸಪ್ಪ ಇಷ್ಟು ದಿನ ಹೆಂಡತಿ ತಂದುಕೊಟ್ಟ ತನ್ನದೇ ಪಿಂಚಣಿಯಲ್ಲಿ ಬದುಕುತ್ತಾ, ಯಾರದೋ ಗೊಂಬೆ ಮನೆಯಲ್ಲಿ ಆಟದ ಸಾಮಾನಿಗೆ ಬಣ್ಣ ಹಾಕುತ್ತಿದ್ದ.

ಕನ್ನಡಕವನ್ನು ಎಲೆಯ ಪಕ್ಕದಲ್ಲಿ ಇಟ್ಟುಬಿಡಿ ಅಂದಳು. ಇಟ್ಟೆ.

ಬೈಕಿನ ಸದ್ದು ಬಂತು. ಅಶ್ವಥ್ ಕಚೇರಿಯಿಂದ ಬಂದಿದ್ದ, ಇನ್ನೂ ಮೂವತ್ತು ತುಂಬದ ಹುಡುಗ, ಎಣ್ಣೆ ಹಾಕಿ ಬಾಚಿದ ತಲೆ, ಜೇಬಿಗೆ ಸಿಕ್ಕಿಸಿದ ಪೆನ್ನು. ನನ್ನನ್ನು ನೋಡಿ ನಮಸ್ಕಾರ ಅಂದ. ನಾಲ್ಕನೆಯ ಎಲೆಯನ್ನು ನೋಡಿದ, ಅವನ ಭುಜ ಸ್ವಲ್ಪ ಸಡಿಲವಾಯಿತು. ಅದನ್ನು ನಾನು ಕಂಡೆ. ಕರ್ಪೂರ ಹಚ್ಚಿ, ಎಲ್ಲರಿಗಿಂತ ಮೊದಲು ಅವನೇ ಅಡ್ಡಬಿದ್ದ. ರಮ್ಯಾ ಗಂಡನ ಪಕ್ಕದಲ್ಲಿ ನಿಂತು ಕೈ ಮುಗಿದಳು.

ಪೂಜೆಯಾದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬದುಕಿರುವವರ ಮುಂದೆ ಉಣ್ಣುವುದಿಲ್ಲವಂತೆ. ಒಂದಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಬೇಕು.

ನಾವು ಜಗಲಿಯ ಮೇಲೆ ಕುಳಿತೆವು. ಹಿತ್ತಿಲಿನಿಂದ ಇಸ್ಮತ್ ಸುತ್ತಿ ಬಂದು, ಎಲ್ಲೂ ಜಾಗ ಕೇಳದೆ, ಸಿದ್ದಮ್ಮನ ಪಕ್ಕದಲ್ಲೇ ಕುಳಿತಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಸಿದ್ದಮ್ಮ ಸ್ವಲ್ಪ ಹೊತ್ತಿನ ಮೇಲೆ ತನ್ನ ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಅವಳ ಕಡೆ ಸರಿಸಿದಳು. ಇಸ್ಮತ್ ಅದನ್ನು ಮುಟ್ಟಲಿಲ್ಲ, ದೂರ ತಳ್ಳಲೂ ಇಲ್ಲ.

ನಾನು ಅಶ್ವಥನನ್ನು ಅಂಗಳದ ತುದಿಗೆ ಕರೆದೆ. ಚನ್ನಪಟ್ಟಣದ ಗೊಂಬೆ ಮನೆಗೆ ಕೊನೆಯ ಸಲ ಹೋದದ್ದು ಯಾವಾಗ ಅಂತ ನೇರವಾಗಿ ಕೇಳಿದೆ. ಅವನು ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ಬೀಳಲಿಲ್ಲ. ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

ನನಗೆ ನೌಕರಿ ಖಾಯಂ ಆಗಿದೆ ಅಂದ. ರಮ್ಯಾಗೆ ಈಗ ತಿಂಗಳು ತುಂಬುತ್ತಿದೆ ಅಂದ. ಅಪ್ಪನಿಗೆ ಈಚೆಗೆ ತಲೆ ಸರಿಯಿರಲಿಲ್ಲ, ಸ್ಟೇಷನ್‌ಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅನ್ನುತ್ತಿದ್ದರು ಅಂತ ಬಾಯಿತಪ್ಪಿ ಅಂದವನು, ಅಲ್ಲಿಗೇ ಹಲ್ಲು ಕಚ್ಚಿದ. ಆಮೇಲೆ ನಿಧಾನವಾಗಿ, ನನಗೆ ಕಚೇರಿಯ ನಿಯಮ ತಿಳಿಸುವವನ ಹಾಗೆ ಹೇಳಿದ.

"ಮೇಡಂ, ನಮ್ಮಪ್ಪ ಸತ್ತು ಎರಡೂವರೆ ವರ್ಸ ಆಯ್ತು. ಸರ್ಕಾರನೇ ಒಪ್ಕೊಂಡೈತೆ, ನಿಮ್ಮ ಖಜಾನೆಯೋರೇ ಪೆನ್ಷನ್ ಕೊಡ್ತಾವ್ರೆ. ಒಂದ್ ಸಲ ಸತ್ತೋರು ಇನ್ನೊಂದ್ ಸಲ ತಾವಾಗೇ ಸತ್ರೂ ಅಷ್ಟೇಯ, ಯಾರ್ ಸಾಯ್ಸುದ್ರೂ ಅಷ್ಟೇಯ. ಯಾವ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಬರ್ಕತಾರೆ ಯೋಳಿ."

ಜಗಲಿಯ ಮೇಲೆ ಇಸ್ಮತ್ ತಲೆ ಎತ್ತಿದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ತನ್ನ ಗಂಡನ ಹೆಸರನ್ನು ತೊಳೆಯಬಲ್ಲ ಒಬ್ಬನೇ ಒಬ್ಬ ಮನುಷ್ಯ ಈ ಲೋಕದಲ್ಲಿಲ್ಲ ಅನ್ನುವುದು ಅವಳಿಗೆ ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಆ ಹುಡುಗನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಕಟ್ಟಿಕೊಂಡು ನಿಂತೆ.

ಆಗ ಮುಚ್ಚಿದ ಬಾಗಿಲಿನ ಹಿಂದೆ ಏನೋ ಬಿತ್ತು. ಲೋಟ ಉರುಳಿದ ಸದ್ದು, ಆಮೇಲೆ ಬಿದಿರು ನೆಲಕ್ಕೆ ಉಜ್ಜಿದ ಸದ್ದು.

ಬೆಕ್ಕು ಅಂದ ಅಶ್ವಥ್.

ಸಿದ್ದಮ್ಮ ಎದ್ದು ಹೋಗಿ ಬಾಗಿಲು ತಟ್ಟಿದಳು. ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ತಟ್ಟಿ, ತಳ್ಳಿದಳು. ನಾವೆಲ್ಲ ಅವಳ ಹಿಂದೆ ನಿಂತೆವು.

ದೀಪ ಉರಿಯುತ್ತಿತ್ತು. ಮೊದಲ ಮೂರು ಎಲೆಗಳ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಮೂಲೆಯ ಚಂದ್ರಂಕಿಯೊಂದು ವಾಲಿ ಬಿದ್ದಿತ್ತು, ಗೋಣಿತಾಟು ಜಾರಿತ್ತು. ಹಿತ್ತಿಲ ಬಾಗಿಲಿನ ಅಗುಳಿ ತೆಗೆದಿತ್ತು. ಒಳಗಿನಿಂದ ಮಾತ್ರ ತೆಗೆಯಬಹುದಾದ ಅಗುಳಿ ಅದು.

ನಾಲ್ಕನೆಯ ಎಲೆಯ ಮುದ್ದೆಯನ್ನು ಯಾರೋ ಮುರಿದಿದ್ದರು. ವಡೆಯ ಮೇಲಿನ ಬೆಲ್ಲ ಇರಲಿಲ್ಲ. ತಾಳಿ ಇಟ್ಟಲ್ಲೇ ಇತ್ತು.

ಕನ್ನಡಕ ಇರಲಿಲ್ಲ.

ಮೊದಲು ಬಾಯಿ ಬಿಟ್ಟವನು ಅಶ್ವಥ್. ಗೋಡೆ ಹಿಡಿದುಕೊಂಡಿದ್ದ, ಬಾಚಿದ ತಲೆಯಿಂದ ಬೆವರು ಇಳಿಯುತ್ತಿತ್ತು.

"ಆಗಾಕಿಲ್ಲ," ಅಂದ. "ಎದ್ದು ಬರಾಕೆ ಆಗಾಕಿಲ್ಲ ಅವ್ರಿಗೆ."

ಸಿದ್ದಮ್ಮ ಎಲೆಯ ಮೇಲಿಂದ ತಾಳಿಯನ್ನು ಎತ್ತಿಕೊಂಡಳು. ಅದನ್ನು ಮುಷ್ಟಿಯಲ್ಲಿ ಹಿಡಿದು, ಮಗನ ಹತ್ತಿರಕ್ಕೆ ಬಂದು ನಿಂತಳು.

"ಯಾಕ್ಲಾ ಮಗ, ಯಾಕಾಗಾಕಿಲ್ಲ?"